ಬೀಗ ಬಿದ್ದ ಬೀರುವಿನಲ್ಲಿ ಉಳಿದ ಅರವತ್ತು ಪುಟ

ಬೆಳಗಿನ ಆರೂವರೆ. ಎದುರಿನ ಡೇರಿಗೆ ಹಾಲು ಹಾಕಿ ಬಂದ ಹುಡುಗಿಯರು ಖಾಲಿ ಕ್ಯಾನುಗಳನ್ನು ಗ್ರಂಥಾಲಯದ ಮೆಟ್ಟಿಲ ಮೇಲಿಟ್ಟು ಒಳಗೆ ಬರುತ್ತಾರೆ. ಒಟ್ಟು ಒಂಬತ್ತು ಜನ. ಏಳು ನಲವತ್ತರ ಕಾಲೇಜು ಬಸ್ಸಿಗೆ ಮೊದಲು ಮನೆಗೆ ಹೋಗಿ ತಲೆ ಬಾಚಿ, ಬುತ್ತಿ ಕಟ್ಟಿಕೊಳ್ಳಬೇಕು. ನಡುವೆ ಉಳಿಯುವುದು ಇಪ್ಪತ್ತು ನಿಮಿಷ. ಮೇಲ್ವಿಚಾರಕಿ ರಂಜಿತ ನೋಟ್‌ಬುಕ್ ತೆರೆಯುವ ಮೊದಲೇ ಒಬ್ಬಳು ಕೇಳುತ್ತಾಳೆ: ಕಥೆಯ ಇನೆಸ್ ಕೊನೆಗೆ ಏನು ಮಾಡಿದಳು?

"ನಂಗೊತ್ತಿಲ್ಲ ಅಂತ ಎಷ್ಟ್ ದಿನ ಯೋಳ್ಲವ್ವಾ? ಪುಸ್ತಕ ಬೀರಲ್ಲೈತೆ, ಬೀಗದ ಕೈ ಮೆಂಬರ್ ನಂಜಪ್ಪನೋರ ಉಡ್ದಾರದಲ್ಲೈತೆ. ಓಗಿ ಅವ್ರನ್ನೇ ಕೇಳು," ಎನ್ನುತ್ತಾರೆ ರಂಜಿತ.

ರಂಜಿತ ಅವರಿಗೆ ನಲವತ್ತೆರಡು. ಬಡಗಿಗಳ ಮನೆಯ ಮಗಳು. ಪಿಯುಸಿ ಪರೀಕ್ಷೆಯ ಮರುವಾರವೇ ಮದುವೆ. ಹದಿನಾಲ್ಕು ವರ್ಷಗಳಿಂದ ಈ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಾರೆ. ಊರಿನ ಹೆಸರು ಬೇಡ, ಬೇಕಿದ್ದರೆ ಕಿಕ್ಕೇರಿ ಹೋಬಳಿ ಎಂದು ಹಾಕಿಕೊಳ್ಳಿ ಎಂದರು. ಬಾಗಿಲು ತೆರೆಯಬೇಕಾದ್ದು ಒಂಬತ್ತಕ್ಕೆ. ಆದರೆ ಹುಡುಗಿಯರು ಯಾರನ್ನೂ ಕೇಳದೆ ಮನೆಯಿಂದ ಹೊರಡಬಹುದಾದ ಹೊತ್ತು ಹಾಲು ಹಾಕುವ ಹೊತ್ತೊಂದೇ. ಅದಕ್ಕಾಗಿ ಇವರು ಮನೆಯ ಒಲೆಯನ್ನು ಅತ್ತೆಗೆ ಬಿಟ್ಟು, ದಿನವೂ ಅದಕ್ಕೆ ಅವರಿಂದ ಬೈಸಿಕೊಂಡೇ ಬರುತ್ತಾರೆ.

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಮುಚ್ಚಿದ ಶಾಲೆಯೊಂದರಿಂದ ಇಲ್ಲಿಗೆ ಒಂದು ಪೆಟ್ಟಿಗೆ ಪುಸ್ತಕ ಬಂತು. ಮೂವತ್ತೊಂದು ಇಂಗ್ಲಿಷ್ ಕಾದಂಬರಿ. ಮೆಕ್ಸಿಕೊ, ಕ್ಯೂಬಾ, ಪೋರ್ಟೊರಿಕೊಗಳಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೆತನಗಳ ಲೇಖಕಿಯರು ಹದಿಹರೆಯದವರಿಗಾಗಿ ಬರೆದ ಕಥೆಗಳು, ಪ್ರೇಮಕಥೆಗಳು. ಯಾರೂ ಮುಟ್ಟಲಿಲ್ಲ. ದೂಳು ಒರೆಸುವಾಗ ರಂಜಿತ ಒಂದನ್ನು ತೆರೆದರು. ಸಾಲಿಗೆ ನಾಲ್ಕು ಪದ ತಿಳಿಯಲಿಲ್ಲ. 'ಅಬುವೇಲಾ' ಎಂಬುದಂತೂ ನಿಘಂಟಿನಲ್ಲೂ ಇಲ್ಲ. ಆಕೆ ನಸುಕಿನಲ್ಲೆದ್ದು ಜೋಳದ ರೊಟ್ಟಿ ತಟ್ಟುತ್ತಾಳೆ, ಹುಡುಗಿಯ ಜಡೆ ಎಳೆದು ಬೈಯುತ್ತಾಳೆ. ಮೂರನೆಯ ಪುಟದಲ್ಲಿ ಇವರಿಗೆ ಹೊಳೆಯಿತು: ಅಜ್ಜಿ.

ಅಂದಿನಿಂದ ದಿನಕ್ಕೆ ಎರಡು ಪುಟ ಓದಿ, ತಮಗೆ ತಿಳಿದಂತೆ ಕನ್ನಡದಲ್ಲಿ ಬರೆದು, ಮರುದಿನ ಹುಡುಗಿಯರಿಗೆ ಓದಿ ಹೇಳುತ್ತಾರೆ. ಸಣ್ಣ ಪುಸ್ತಕಗಳನ್ನೇ ಮೊದಲು ಆರಿಸಿಕೊಂಡು ಏಳನ್ನು ಮುಗಿಸಿದ್ದಾರೆ. ಹದಿನೈದು ತುಂಬಿದ ಹುಡುಗಿಗೆ ಅಲ್ಲಿ ದೊಡ್ಡ ಸಮಾರಂಭ ಮಾಡುತ್ತಾರೆಂದು ಓದಿದ ದಿನ ಹುಡುಗಿಯರಲ್ಲೊಬ್ಬಳಾದ ತನುಶ್ರೀ ಅಂದಳಂತೆ, "ನಾವ್ ದೊಡ್ಡೋರಾದಾಗ ಮಾಡೋ ಒಸಗೆ ಇದ್ದಂಗೆ ಕಣಕ್ಕ. ಆದ್ರೆ ಅವ್ರು ಗುಡ್ಲಲ್ಲಿ ಕೂರ್ಸಲ್ಲ, ಎಲ್ರ ಮುಂದೆ ಕುಣಿಸ್ತಾರೆ." ಆ ಬೆಳಿಗ್ಗೆ ಇಬ್ಬರು ಬಸ್ಸು ತಪ್ಪಿಸಿಕೊಂಡರು.

ಕೆಲಸ ಕೆಟ್ಟದ್ದೂ ತನುಶ್ರೀಯಿಂದಲೇ. ಎರಡನೇ ಪಿಯುಸಿಯ ಈ ಹುಡುಗಿ, ರಂಜಿತ ಓದಿ ಮುಗಿಸಿದ ಪುಸ್ತಕವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಖಾಲಿ ಕ್ಯಾನಿನೊಳಗಿಟ್ಟು ಮನೆಗೆ ಒಯ್ಯುತ್ತಿದ್ದಳು. ಕ್ಯಾನು ತೊಳೆಯುವವಳೂ ಅವಳೇ ಆದ್ದರಿಂದ ಯಾರೂ ಇಣುಕುತ್ತಿರಲಿಲ್ಲ. ಫೆಬ್ರವರಿಯಲ್ಲೊಂದು ದಿನ ನೆಂಟರು ಬಂದ ಗದ್ದಲದಲ್ಲಿ ತೆಗೆಯಲು ಮರೆತಳು. ಮರುದಿನ ಅಜ್ಜಿ ಪುಟ್ಟಗೌರಮ್ಮ ಮಬ್ಬುಗತ್ತಲಲ್ಲಿ ಅದಕ್ಕೇ ಹಾಲು ಸುರಿದರು. ಡೇರಿಯಲ್ಲಿ ಕ್ಯಾನು ಬಗ್ಗಿಸಿದಾಗ ಹಾಲಿನ ಜೊತೆ ಪುಸ್ತಕವೂ ಬಿತ್ತು. ರಟ್ಟಿನ ಮೇಲೆ ಮೂಗಿಗೆ ಮೂಗು ತಾಗಿಸಿ ನಿಂತ ಹುಡುಗ, ಹುಡುಗಿ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಮನೆಯ ಹಾಲು ಅವತ್ತು ವಾಪಸ್ಸಾಯಿತು.

ತನುಶ್ರೀಯ ತಾತ ನಂಜಪ್ಪ ಪಂಚಾಯಿತಿ ಸದಸ್ಯರು. ಮಧ್ಯಾಹ್ನದೊಳಗೆ ಮೂವತ್ತೊಂದೂ ಪುಸ್ತಕ ಕಬ್ಬಿಣದ ಬೀರು ಸೇರಿ, ಬೀಗ ಬಿತ್ತು. ಮೇಲಿನವರಿಗೆ ಎರಡು ಸಲ ಬರೆದರೂ ರಂಜಿತ ಅವರಿಗೆ ಉತ್ತರವಿಲ್ಲ. ಎಂಟನೆಯ ಪುಸ್ತಕದಲ್ಲಿ ಅವರು ನಿಂತದ್ದು ಇನ್ನೂರ ಹದಿನಾಲ್ಕನೇ ಪುಟಕ್ಕೆ. ಕಿತ್ತಳೆ ಹಣ್ಣು ತುಂಬುವ ಶೆಡ್ಡಿನಲ್ಲಿ ದುಡಿಯುವ ಇನೆಸ್‌ಗೆ ದೂರದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅವಳು ಪ್ರೀತಿಸುವ ಹುಡುಗ, ಹೋಗಬೇಡ, ಮದುವೆಯಾಗೋಣ ಎನ್ನುತ್ತಿದ್ದಾನೆ. ಇನ್ನು ಅರವತ್ತು ಪುಟ ಇದೆ.

ನಂಜಪ್ಪನವರ ಮನೆಗೆ ಹೋದೆ. "ಕನ್ನಡ ಪುಸ್ತಕ ಓದ್ಲಿ, ಬ್ಯಾಡ ಅಂದ್ನಾ? ಯಾವ್ದೋ ದೇಸದೋಳು ಯಾರ್ನ ಕಟ್ಕಂಡ್ರೆ ನಮ್ಗೇನವ್ವ?" ಎಂದರು. ನೀವು ಓದಿದ್ದೀರಾ ಎಂದೆ. "ನಾನ್ಯಾಕ್ ಓದ್ಲಿ? ರಟ್ಟಿನ್ ಮ್ಯಾಲೇ ಐತಲ್ಲ."

ಟೀ ತಂದಿಟ್ಟ ಪುಟ್ಟಗೌರಮ್ಮ ಒಳಗೆ ಹೋಗಲಿಲ್ಲ. "ಅದ್ರಲ್ಲಿರೋ ಮುದ್ಕಿ ನನ್ನಂಗೇ ಬಯ್ತಾಳಂತೆ. ಮೊಮ್ಮಗಳು ಓದಿ ಯೋಳವ್ಳೆ," ಎಂದರು. ನಂಜಪ್ಪ ಕಣ್ಣು ಬಿಟ್ಟು ನೋಡಿದರು. ಆಕೆ ಸೆರಗು ಸರಿಮಾಡಿಕೊಂಡು ಅಲ್ಲೇ ನಿಂತರು. ಬೀಗದ ಕೈ ಮಾತ್ರ ಅಲುಗಲಿಲ್ಲ.

ನನಗೇ ಸಿಟ್ಟು ಬಂದಿತ್ತು. ರಂಜಿತ ಅವರಿಗೆ ಎಷ್ಟು ಬಂದಿರಬೇಕು. ಆದರೂ ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತಾರೆ. ಹಳೆಯ ಏಳು ಕಥೆಗಳನ್ನೇ ನೋಟ್‌ಬುಕ್‌ನಿಂದ ಮತ್ತೆ ಓದುತ್ತಾರೆ. ಹುಡುಗಿಯರು ಸುಮ್ಮನಿರುವುದಿಲ್ಲ. ಕೊನೆಯನ್ನು ನೀವೇ ಕಟ್ಟಿ ಹೇಳಿ, ಯಾರಿಗೆ ತಿಳಿಯುತ್ತದೆ ಎಂದು ಪೀಡಿಸುತ್ತಾರೆ. ಹಾಗೇಕೆ ಮಾಡಬಾರದು ಎಂದು ನಾನೂ ಕೇಳಿದೆ.

ಅವರು ನೋಟ್‌ಬುಕ್ಕಿನ ಖಾಲಿ ಹಾಳೆಯನ್ನು ಅಂಗೈಯಿಂದ ಸವರಿದರು.

"ಕೂತಿದ್ದೆ ಅಕ್ಕ, ಒಂದಿನ ಪೆನ್ನಿಡ್ಕೊಂಡು. ನಾನ್ ಕಟ್ಟಿದ್ರೆ ಅವ್ಳಿಗೆ ಮದ್ವೆ ಮಾಡ್ಬುಡ್ತೀನಿ. ಬ್ಯಾರೆ ಎಂಗ್ ಮುಗ್ಸೋದು ಅಂತ ನಂಗ್ಯಾರೂ ಯೋಳ್ಕೊಟ್ಟಿಲ್ಲ. ಅದ್ಕೇ ಆ ಪುಸ್ತಕ ಬೇಕು."