ಸೀತುವಿನ ಕೈಬ್ಯಾಟ್ರಿ

ಅಮಾಸೆಬೈಲಿನ ಸೀತು ಇಪ್ಪತ್ತೆರಡು ವರ್ಷ ಗಂಡನಿಗೆ ಬ್ಯಾಟ್ರಿ ಹಿಡಿದವಳು. ಭತ್ತದ ತೆನೆ ಹಾಲು ಕಟ್ಟಿದ್ದೇ ತಡ, ಗುಡ್ಡದ ಹಂದಿಗಳು ಗದ್ದೆಗೆ ಇಳಿಯುತ್ತಿದ್ದವು. ಗಂಡ ಕುಷ್ಟ ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೋವಿ ಹಿಡಿದರೆ, ಹಿಂದೆ ನಿಂತು ಬೆಳಕು ಬಿಡುವುದು ಇವಳ ಕೆಲಸ. ಆ ಕಡೆ ಕಾವಲೆಂದರೆ ಹಾಗೆಯೇ, ಒಬ್ಬರು ಕೋವಿಗೆ, ಒಬ್ಬರು ಬ್ಯಾಟ್ರಿಗೆ. ಹೆದರಿಸಲು ಆಕಾಶಕ್ಕೆ ಈಡು ಹಾರಿಸಿದರೂ ಹೆಸರು ಕೋವಿಯವನಿಗೆ. ಬ್ಯಾಟ್ರಿಯವರನ್ನು ಯಾರು ಕೇಳುತ್ತಾರೆ?

2007ರಲ್ಲಿ ಕುಷ್ಟ ತೀರಿಕೊಂಡ. ಸೀತು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ, ಎರಡು ವರ್ಷಕ್ಕೆ ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಮನೆಯ ಕೋವಿ ತನಗೇ ಬರಬೇಕೆಂದಿದ್ದ ಮೈದುನ ಭೋಜರಾಜನಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಾಯಿತು.

"ಕೋವಿಗೆ ಎರಡ್ ಕೈಯೂ ಬೇಕಲೆ ಅತ್ಗಿ. ಬ್ಯಾಟ್ರಿ ಯಾರ್ ಹಿಡಿತ್ರ್?" ಎಂದ.

"ನೀನ್ ಹಿಡಿ."

"ನಾನಾ? ಹೆಂಗ್ಸಿಗೆ ಗಂಡ್ಸ್ ಬ್ಯಾಟ್ರಿ ಹಿಡುದಾ?"

ಊರಿನ ಬೇರೆ ಗಂಡಸರೂ ಅದನ್ನೇ ಬೇರೆ ಬೇರೆ ಮಾತಲ್ಲಿ ಹೇಳಿ ಜಾರಿಕೊಂಡರು. ಈ ಸಲದ ಬೆಳೆ ಹಂದಿ ಪಾಲಾದರೆ ಕೋವಿ ಬಿಟ್ಟುಕೊಟ್ಟು, ಪರವಾನಗಿ ತನಗೆ ವರ್ಗಾಯಿಸುವ ಕಾಗದಕ್ಕೆ ಸಹಿ ಹಾಕಬೇಕೆಂದು ಭೋಜರಾಜ ಹಟ ಹಿಡಿದ. ಸಿಟ್ಟಿನ ಭರದಲ್ಲಿ ಸೀತು ನಾಲ್ಕು ಜನರ ಎದುರೇ ಹೂಂ ಎಂದುಬಿಟ್ಟಳು. ಮನೆಗೆ ಬಂದ ಮೇಲೆ ದುಡುಕಿದೆ ಅನ್ನಿಸಿತು. ಆದರೆ ಆಡಿದ ಮಾತನ್ನು ನುಂಗುವ ಜಾತಿಯವಳಲ್ಲ ಅವಳು.

ಮರುದಿನ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದಳು. ದೋಣಿಯವರಿಗೆ ಬಲೆ, ಹಗ್ಗ, ಬ್ಯಾಟ್ರಿ ಮಾರುವ ಯತೀಶನ ಅಂಗಡಿಯಲ್ಲಿ ಮೊದಲು ಸಿಕ್ಕಿದ್ದು ತಲೆಗೆ ಕಟ್ಟುವ ದೀಪ. ಸೀತು ಅದನ್ನು ಹಣೆಗೆ ಬಿಗಿದು, ಕೈಲಿದ್ದ ಛತ್ರಿಯನ್ನು ಕೋವಿಯಂತೆ ಹೆಗಲಿಗೆ ಏರಿಸಿ, "ಬಾಗ್ಲ್ ಹಾಕ್, ಕತ್ತಲಿ ಆಯ್ಕ್" ಎಂದಳು. ಗಿರಾಕಿಗಳು ಕಿಸಕ್ಕೆಂದರು. ಯತೀಶ ಶಟರ್ ಎಳೆದ. ಬೆಳಕು ಛತ್ರಿಯ ಉಕ್ಕಿನ ಕೋಲಿಗೆ ಬಡಿದು ಅವಳ ಕಣ್ಣಿಗೇ ತಿರುಗಿತು.

"ಇದ್ ಬ್ಯಾಡ."

"ಹಂಗಾರೆ ಕೋವಿ ನಳಿಗಿಗೇ ಕಟ್ಟಿ ಅಕ್ಕ."

"ಅಲ್ಲಿ ಎಂತ ಇತ್ತ್ ಅಂದ್ ಕಾಂಬುಕೂ ಕೋವಿಯನ್ನೇ ತಿರ್ಗ್ಸ್ಕಾ? ಅಲ್ಲಿ ಮನ್ಷ ಇದ್ರೆ?"

ಯತೀಶ ಒಳಗಿನಿಂದ, ಬಲೆ ಎಳೆಯುವವರು ಕೈಗೆ ಕಟ್ಟಿಕೊಳ್ಳುವ ಎರಡು ಬ್ಯಾಟ್ರಿ ತಂದ. ಪಟ್ಟಿ ಅಂಗೈ ಸುತ್ತಿ ಬರುತ್ತದೆ, ದೀಪ ಕೈಯ ಹಿಂಬದಿಗೆ ಕೂರುತ್ತದೆ, ಬೆರಳು ಐದೂ ಖಾಲಿ. ಮೈಲಿ ದೂರ ಹೋಗುವ ಬಿಳಿ ಬೆಳಕಿನದನ್ನು ಅವನು ಹೊಗಳಿದ. ಮಂಜು ಬಿದ್ದಾಗ ಬಿಳಿ ಬೆಳಕು ಎದುರಿಗೆ ಗೋಡೆ ಕಟ್ಟುತ್ತದೆಂದು ಸೀತುವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಳದಿ ಬೆಳಕಿನದನ್ನೇ ಆರಿಸಿದಳು. ಒತ್ತಿದಷ್ಟು ಹೊತ್ತು ಉರಿದು, ಬಿಟ್ಟರೆ ಆರುವ ಗುಂಡಿ ಅದರದ್ದು. ಕಡಲವರ ಕೈ ಅಳತೆಯ ಪಟ್ಟಿಗೆ ಬಸ್‌ಸ್ಟ್ಯಾಂಡಿನ ಚಪ್ಪಲಿ ಹೊಲಿಯುವವನಿಂದ ಎರಡು ತೂತು ಹೆಚ್ಚು ಹೊಡೆಸಿದಳು.

ನಾಲ್ಕನೆಯ ದಿನ, ಮೂರ್ಸಂಜೆ. ತಮಾಷೆ ನೋಡಲು ಭೋಜರಾಜ ಇಬ್ಬರನ್ನು ಕಟ್ಟಿಕೊಂಡು ಗದ್ದೆಯ ಅಂಚಿನಲ್ಲಿ ಬಂದು ನಿಂತಿದ್ದ. ಕತ್ತಲು ಕವಿಯುತ್ತಿದ್ದಂತೆ ಪೈರು ಸರಸರ ಅಲುಗಿತು, ಕಪ್ಪಗೆ ಏನೋ ಬೆನ್ನು ಕಂಡಿತು.

"ಹಂದಿ! ಇಲ್ಲೇ ಇತ್ತ್! ಹೊಡಿ ಅತ್ಗಿ, ಕಾಣ್ತಾ ನಿಂತದ್ದ್ ಎಂತಕೆ? ಹೊಡಿ!" ಭೋಜರಾಜ ಕೂಗಿದ.

ಕೋವಿಯಲ್ಲಿ ತೋಟೆ ಇತ್ತು. ಈಗ ಸುಮ್ಮನಿದ್ದರೆ ಹೆದರಿದಳೆನ್ನುತ್ತಾರೆ, ನಾಳೆಯೇ ಕಾಗದ ತರುತ್ತಾರೆ. ಅಂದರೆ ಅನ್ನಲಿ! ಬಲಗೈಯಲ್ಲಿ ನಳಿಗೆಯನ್ನು ನೆಲದ ಕಡೆಗೇ ತಗ್ಗಿಸಿ ಹಿಡಿದು, ಎಡಗೈ ಎತ್ತಿ ಗುಂಡಿ ಒತ್ತಿದಳು. ಎರಡು ಕಣ್ಣು ಹಸಿರಾಗಿ ಹೊಳೆದವು. ಹಂದಿಯ ಕಣ್ಣು ಹಾಗೆ ಹೊಳೆಯುವುದಿಲ್ಲ. ಬೆಳಕನ್ನು ತುಸು ಇಳಿಸಿದಾಗ ಕೊರಳಲ್ಲಿ ಹರಿದ ಹಗ್ಗದ ತುಂಡು ಕಂಡಿತು.

"ನಿನ್ ಗಂಟಿ, ಭೋಜರಾಜ. ಗಬ್ಬದ್ದ್ ಬೇರೆ."

ಭೋಜರಾಜ ತನ್ನ ಮನೆಯ ಗಬ್ಬದ ದನವನ್ನು ತಾನೇ ಕೂಗಿ ಕೊಲ್ಲಿಸಲಿದ್ದ! ಜೊತೆಗೆ ಬಂದವರು ಅವನ ಮುಖ ನೋಡದೆ ಬೇರೆಡೆ ತಿರುಗಿದರು. ಅವನು ಪಂಚೆ ಎತ್ತಿ ಕಟ್ಟಿ, ಕೆಸರಿಗಿಳಿದು ದನದ ಹಗ್ಗ ಹಿಡಿದ. ಅಂಚಿಗೆ ಹತ್ತುವಾಗ, "ಅತ್ಗಿ, ಆ ಕಾಗ್ದದ್ ವಿಷ್ಯ..." ಎಂದು ರಾಗ ಎಳೆದ.

ಅಷ್ಟರಲ್ಲಿ ಗುಡ್ಡದ ಬದಿಯ ಬೇಲಿಯಲ್ಲಿ ಗುಟುರು ಕೇಳಿಸಿತು. ಈ ಸಲ ಹಂದಿಯೇ. ಸೀತು ನಳಿಗೆಯನ್ನು ಆಕಾಶಕ್ಕೆತ್ತಿ ಈಡು ಹೊಡೆದಳು. ಗಂಡಸರು ಮೂವರೂ ತಲೆ ತಗ್ಗಿಸಿದರು, ಹಂದಿಗಳು ಗುಡ್ಡ ಹತ್ತಿ ಓಡಿದವು.

ಸೀತು ಹೊಗೆಯಾಡುವ ಕೋವಿಯ ನಳಿಗೆಯನ್ನು ಬಾಗಿಸಿ ತೆರೆದು ಇನ್ನೊಂದು ತೋಟೆ ತುಂಬುತ್ತಾ, ಮೈದುನನ ಕಡೆ ತಿರುಗದೆಯೇ ಹೇಳಿದಳು:

"ಗಂಟಿ ಹೊಡ್ಕಂಡ್ ಮನಿಗ್ ಹೋಗ್. ನಂಗೆ ಬೆಳಗಿನೊರಿಗೂ ಕಾವಲ್ ಇತ್ತ್."