ಫ್ಲಾಪಿ ಡ್ರೈವಿನೊಳಗಿನ ಅಕ್ಷತೆ

೧೯೯೯ನೆಯ ಇಸವಿಯಲ್ಲಿ ನಾನು ಕೃಷ್ಣರಾಜಪೇಟೆ ತಾಲ್ಲೂಕು ಕಿಕ್ಕೇರಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಸಹಶಿಕ್ಷಕಿಯಾಗಿದ್ದೆ. ಮನೆ ಪಾಂಡವಪುರದಲ್ಲಿ. ದಿನಾ ಎರಡು ಬಸ್ಸು ಹತ್ತಿಳಿದು, ಸೀಟು ಸಿಕ್ಕಿದರೆ ಕೂತು, ಸಿಗದಿದ್ದರೆ ಕಂಬಿ ಹಿಡಿದು ಹೋಗಿಬರುತ್ತಿದ್ದೆ. ಶಾಲೆ ತಲುಪುವಷ್ಟರಲ್ಲೇ ನನ್ನ ತಾಳ್ಮೆ ಅರ್ಧ ಮುಗಿದಿರುತ್ತಿತ್ತು. ಉಳಿದರ್ಧವನ್ನು ಆ ವರ್ಷ ಒಂದು ಕಂಪ್ಯೂಟರು ತಿಂದುಹಾಕಿತು.

ಅದನ್ನು ಊರಿನ ದಾನಿಯೊಬ್ಬರು ಕೊಟ್ಟಿದ್ದರು. ನಮ್ಮ ಹೆಡ್‌ಮಾಸ್ಟರು ಅದನ್ನು ತಮ್ಮ ಕೊಠಡಿಯ ಮೂಲೆಯಲ್ಲಿಟ್ಟು, ಹೂವಿನ ಚಿತ್ರದ ಬೆಡ್‌ಶೀಟು ಹೊದಿಸಿ, ಬಾಗಿಲಿಗೆ ಬೀಗ ಹಾಕಿಸಿದ್ದರು. ಶಾಲೆಯ ಫೋನಿನ ಡಯಲಿಗೂ ಒಂದು ಪುಟ್ಟ ಬೀಗವಿತ್ತು, ಹಾಗಾಗಿ ಇಂಟರ್ನೆಟ್ಟಿನ ಮಾತೇ ಇಲ್ಲ. ಆದರೂ ಮಕ್ಕಳಿಗೆ ಕಂಪ್ಯೂಟರು ತೋರಿಸೋಣ ಎಂದು ನಾನು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ.

"ಕೆಟ್ಟೋದ್ರೆ ಜವಾಬ್ದಾರಿ ಯಾರು ಮೇಡಂ? ಮೇ ತಿಂಗ್ಳಲ್ಲಿ ರಿಟೈರ್ ಆಯ್ತಾ ಇವ್ನಿ. ನೆಮ್ಮದಿಯಾಗಿ ಓಗಕ್ಕೆ ಬುಡಿ ನನ್ನ."

ಕೆಟ್ಟ ಮನುಷ್ಯರೇನಲ್ಲ. ಆದರೆ ಅವರಿಗೆ ಶಾಲೆಯ ಫಲಿತಾಂಶದ ಹುಚ್ಚು. ಪೂರ್ವಸಿದ್ಧತಾ ಪರೀಕ್ಷೆ, ಅಂದರೆ ಎಸ್ಸೆಸ್ಸೆಲ್ಸಿಗೆ ಮೊದಲು ಶಾಲೆಯಲ್ಲೇ ನಡೆಯುವ ಪರೀಕ್ಷೆ, ಅದರಲ್ಲಿ ಗಣಿತ ಫೇಲಾದವರಿಗೆ ಹಾಜರಿ ಕಡಿಮೆ ಎಂಬ ನೆಪ ಹೇಳಿ ಹಾಲ್ ಟಿಕೆಟ್ ತಡೆಹಿಡಿಯುತ್ತಿದ್ದರು. ಫೇಲಾಗುವವರು ಪರೀಕ್ಷೆಗೇ ಕೂರದಿದ್ದರೆ ಫಲಿತಾಂಶ ತಾನಾಗಿಯೇ ಏರುತ್ತದಲ್ಲ! ಈ ಲೆಕ್ಕಾಚಾರ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆ ವರ್ಷ ಅವರ ಕಣ್ಣು ಬಿದ್ದಿದ್ದು ಭಾಗ್ಯ ಎಂಬ ಹುಡುಗಿಯ ಮೇಲೆ. ಅವಳ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಮನೆಮಂದಿಯೆಲ್ಲ ಕೈ ಹಚ್ಚಲೇಬೇಕು, ಹುಳು ಭಾನುವಾರಕ್ಕೆ ಕಾಯುವುದಿಲ್ಲ. ಹಾಗಾಗಿ ಅವಳ ಹಾಜರಿ ನಿಜವಾಗಿಯೂ ಕಡಿಮೆ ಇತ್ತು. ಗಣಿತವೋ, ದೇವರಿಗೇ ಪ್ರೀತಿ. ರೇಖಾಗಣಿತದ ಪ್ರಮೇಯಗಳನ್ನು ಉರು ಹೊಡೆಯುತ್ತಿದ್ದಳು. ಚಿತ್ರದಲ್ಲಿ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಎಂದು ಬರೆದರೆ ಪೆನ್ನು ಕೆಳಗಿಟ್ಟು ಕೂರುತ್ತಿದ್ದಳು. "ಈ ಸಲ ನಪಾಸಾದ್ರೆ ಓದು ಸಾಕು" ಎಂದು ಮನೆಯಲ್ಲಿ ಹೇಳಿಯಾಗಿತ್ತು. ಹಾಲ್ ಟಿಕೆಟ್ಟೇ ಸಿಗದಿದ್ದರೆ ಪಾಸು ನಪಾಸಿನ ಮಾತೆಲ್ಲಿ ಬಂತು?

ಒಂದು ಭಾನುವಾರ ಮೈಸೂರಿನ ಸೈಬರ್ ಕೆಫೆಯಲ್ಲಿ ಹುಡುಕುತ್ತಿದ್ದಾಗ ಯಾವುದೋ ದೇಶದ ಗಣಿತದ ಮೇಷ್ಟ್ರು ಮಾಡಿಟ್ಟ ಪುಟವೊಂದು ಸಿಕ್ಕಿತು. ಅದರಲ್ಲಿ ಆಪ್ಲೆಟ್ ಎಂಬ ಪುಟ್ಟ ಪ್ರೋಗ್ರಾಮು. ಪರದೆಯ ಮೇಲೊಂದು ವೃತ್ತ, ಅದನ್ನು ಅಡ್ಡ ಕತ್ತರಿಸುವ ಜ್ಯಾ ಎಂಬ ಗೆರೆ, ಪರಿಧಿಯ ಮೇಲೊಂದು ಬಿಂದು, ಜ್ಯಾದ ಎರಡು ತುದಿಗಳಿಂದ ಆ ಬಿಂದುವಿಗೆ ಎಳೆದ ಗೆರೆಗಳು. ಮೌಸಿನಿಂದ ಬಿಂದುವನ್ನು ಜ್ಯಾದ ಮೇಲ್ಭಾಗದಲ್ಲಿ ಎಲ್ಲಿಗೆ ಎಳೆದರೂ ಅಲ್ಲಿನ ಕೋನ ಬದಲಾಗುವುದಿಲ್ಲ. ಒಂದೇ ವೃತ್ತಖಂಡದಲ್ಲಿನ ಕೋನಗಳು ಸಮ ಎಂಬ ಪ್ರಮೇಯ ಕಣ್ಣೆದುರೇ ಓಡಾಡುತ್ತಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಫ್ಲಾಪಿಗೆ ಹಾಕಿಸಿಕೊಂಡು ಬಂದೆ. ಫ್ಲಾಪಿ ಎಂದರೆ ಅಂಗೈಯಗಲದ ಚೌಕ ತಟ್ಟೆ, ಈಗಿನ ಪೆನ್ ಡ್ರೈವಿನ ಅಜ್ಜಿ.

"ಬೀಗ ತೆಗೀತೀರೋ, ಇಲ್ಲ ದಾನಿಗಳ ಮನೆಗೇ ಹೋಗಿ ಹೇಳಲೋ?" ಎಂದು ಸೋಮವಾರ ನಾನು ಗುಡುಗಿದ ಮೇಲೆ ಹೆಡ್‌ಮಾಸ್ಟರು ಬೀಗ ತೆಗೆದರು. ಬೆಡ್‌ಶೀಟು ಸರಿಸಿದರೆ, ಅಯ್ಯೋ ಶಿವನೇ! ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಹಾಗೇ ಒಣಗಿ ಕೂತಿದೆ. ಫ್ಲಾಪಿ ತೂರಿಸಿದರೆ ಅರ್ಧಕ್ಕೇ ನಿಂತಿತು. ಮತ್ತೆ ತೂರಿಸಿದೆ, ಕರಕರ ಸದ್ದು ಬಂತು.

ಕೆ.ಆರ್.ಪೇಟೆಯಿಂದ ರಿಪೇರಿಯವರನ್ನು ಕರೆಸುವುದಕ್ಕೆ ಒಂದು ವಾರ ಹಿಡಿಯಿತು. ಅವರು ಬಂದ ದಿನ ಕರೆಂಟಿಲ್ಲ. ಮರುದಿನ ಬಂದು ಡ್ರೈವು ಬಿಚ್ಚಿ ಬೋರಲು ಹಾಕಿದರು. ಮೇಜಿನ ಮೇಲೆ ಹಳದಿ ಅಕ್ಕಿಕಾಳು ಉದುರಿದವು.

"ಇದ್ರೊಳಗೆ ಯಾರಿಗೋ ಮದ್ವೆ ಮಾಡ್ಬುಟ್ಟವ್ರೆ ಕಣಮ್ಮಾ," ಎಂದರು ಆತ.

ಪೂಜೆಯ ದಿನ ಹೆಡ್‌ಮಾಸ್ಟರು ಭಕ್ತಿಯಿಂದ ಹಾಕಿದ ಅಕ್ಷತೆ ನೇರ ಫ್ಲಾಪಿಯ ಬಾಯಿಗೇ ಬಿದ್ದಿತ್ತು. ನಾನು ಅವರತ್ತ ನೋಡಿದೆ. "ಅಕ್ಸತೆ ಬಿದ್ರೆ ಒಳ್ಳೇದೇ ಅಲ್ವಾ ಮೇಡಂ?" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ತರಗತಿಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬಂದೆ.

ಹತ್ತನೇ ತರಗತಿಯ ಮಕ್ಕಳೆಲ್ಲ ಆ ಕೊಠಡಿಯೊಳಗೆ ಒತ್ತೊತ್ತಾಗಿ ನಿಂತರು. ಈ ಸಲ ಫ್ಲಾಪಿ ಸಲೀಸಾಗಿ ಒಳಗೆ ಹೋಯಿತು, ಪುಟ ತೆರೆಯಿತು. ಬಿಂದುವನ್ನು ಎಳೆದೆ. ಕೋನ ಐವತ್ತೆರಡು ಡಿಗ್ರಿ. ಮತ್ತೆ ಎಳೆದೆ, ಐವತ್ತೆರಡೇ. ಮಕ್ಕಳೆಲ್ಲ "ಓ" ಎಂದರು. ಭಾಗ್ಯ ಮಾತ್ರ ಹುಬ್ಬು ಗಂಟಿಕ್ಕಿ ಪರದೆಯನ್ನೇ ನೋಡುತ್ತಿದ್ದಳು.

"ಏನಮ್ಮ, ಈಗಲಾದರೂ ಗೊತ್ತಾಯ್ತಾ?"

"ಇಲ್ಲ ಮಿಸ್. ಅದು ಸುಳ್ಳು ಏಳ್ತಾ ಇರ್ಬೋದು. ಐವತ್ತೆರಡು ಅಂತ ಮೊದ್ಲೇ ಬರ್ದು ಮಡಗವ್ರೆ. ಯಾರು ಅಳ್ದು ನೋಡವ್ರೆ?"

ನನ್ನ ಪಿತ್ತ ನೆತ್ತಿಗೇರಿತು. ಮೈಸೂರಿಗೆ ಹೋಗಿ, ಹೆಡ್‌ಮಾಸ್ಟರ ಜೊತೆ ಜಗಳವಾಡಿ, ಅಕ್ಷತೆ ತೆಗೆಸಿ, ಕರೆಂಟಿಗೆ ಕಾದು, ಕೊನೆಗೆ ಇವಳ ಬಾಯಲ್ಲಿ ಈ ಮಾತು ಕೇಳಬೇಕೇ? ತರಗತಿಯ ಬೋರ್ಡಿನ ಪಕ್ಕ ನೇತುಹಾಕಿದ್ದ ಮರದ ಕೋನಮಾಪಕ ತಂದು ಅವಳ ಕೈಗೆ ತುರುಕಿ, "ಹಂಗಾದ್ರೆ ನೀನೇ ಅಳ್ಕೊ ಹೋಗು!" ಎಂದು ರೇಗಿದೆ.

ಹುಡುಗಿ ನಿಜವಾಗಿಯೂ ಹೋದಳು. ಜಗಲಿಯ ನೆಲದ ಮೇಲೆ ದಾರ ಹಿಡಿದು ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಎಳೆದು, ಜ್ಯಾ ಹಾಕಿ, ಮೊಣಕಾಲೂರಿ ಒಂದೊಂದೇ ಕೋನ ಅಳೆಯತೊಡಗಿದಳು. ಅರವತ್ತಮೂರು. ಅರವತ್ತಮೂರು. ಅರವತ್ತೆರಡು.

"ಮಿಸ್, ಇಲ್ಲಿ ಒಂದು ಕಮ್ಮಿ ಬತ್ತದೆ. ನನ್ ಕೈ ತಪ್ಪೋ, ಪ್ರಮೇಯ ತಪ್ಪೋ?"

ವರ್ಷವಿಡೀ ನನಗೆ ಒಂದು ಪ್ರಶ್ನೆಯನ್ನೂ ಕೇಳದವಳು! ನನ್ನ ಕೋಪ ಎಲ್ಲಿ ಹೋಯಿತೋ. ನಾನೂ ಸೀರೆ ಎತ್ತಿ ಸಿಕ್ಕಿಸಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಜ್ಯಾದ ಎರಡು ತುದಿಗಳಿಂದ ವೃತ್ತದ ಕೇಂದ್ರಕ್ಕೆ ಗೆರೆ ಎಳೆ ಎಂದೆ. ಕೇಂದ್ರದ ಕೋನ ಪರಿಧಿಯ ಕೋನದ ಎರಡರಷ್ಟು ಎಂಬುದನ್ನು ಅವಳು ಹಿಂದಿನ ಪಾಠದಲ್ಲಿ ಉರು ಹೊಡೆದಿದ್ದಳು. ಅದನ್ನು ಬಾಯಲ್ಲಿ ಗುನುಗುತ್ತ ಗೆರೆಗಳನ್ನೇ ನೋಡುತ್ತಿದ್ದವಳು ತಟ್ಟನೆ ತಲೆ ಎತ್ತಿದಳು.

"ಮಧ್ಯದ್ದು ಒಂದೇ ಕೋನ ಅಲ್ವಾ ಮಿಸ್? ಇವೆಲ್ಲ ಅದರ ಅರ್ಧ. ಅಂಗಾದ್ರೆ ಇವು ಬ್ಯಾರೆ ಬ್ಯಾರೆ ಯಂಗಾಯ್ತವೆ?" ಎಂದವಳು ಕೋನಮಾಪಕವನ್ನು ನೆಲಕ್ಕಿಟ್ಟಳು. "ಅಳೆಯೋದೇ ಬ್ಯಾಡ ಬುಡಿ ಮಿಸ್!"

ನನ್ನ ಕಣ್ಣು ತುಂಬಿಬಂತು. ಒಳಗೆ ಉಳಿದ ಮಕ್ಕಳು ಮೌಸಿಗಾಗಿ ಕಿತ್ತಾಡುತ್ತಿದ್ದರು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನು ಬೇಕೆಂದೇ ಆ ಚಿತ್ರವನ್ನು ತಲೆಕೆಳಗು ಮಾಡಿ, ಪಿ, ಕ್ಯೂ, ಆರ್ ಎಂದು ಹೆಸರಿಟ್ಟು ಕೊಟ್ಟೆ. ಭಾಗ್ಯ ಬರೆದಳು, ಪಾಸೂ ಆದಳು. ಆದರೂ ಹೆಡ್‌ಮಾಸ್ಟರು ಹಾಜರಿಯ ರಾಗ ತೆಗೆದರು. "ಪಬ್ಲಿಕ್ ಪರೀಕ್ಷೇಲಿ ಪಾಸಾಯ್ತಳೆ ಅಂತ ಗ್ಯಾರಂಟಿ ಕೊಡ್ತೀರಾ ಮೇಡಂ?"

"ಗ್ಯಾರಂಟಿ ಕೊಡೋದಕ್ಕೆ ನಾನೇನು ಮಿಕ್ಸಿ ಅಂಗಡಿ ಇಟ್ಟಿದೀನಾ ಸರ್? ಅವಳು ಬರೆಯಲಿ ಬಿಡಿ."

ಗೊಣಗುತ್ತಲೇ ಸಹಿ ಹಾಕಿದರು. ಅವಳು ಬರೆದಳು, ಪಾಸಾದಳು, ಕೆ.ಆರ್.ಪೇಟೆಯಲ್ಲಿ ಕಾಲೇಜಿಗೆ ಸೇರಿದಳು.

ನಿವೃತ್ತಳಾದ ಮೇಲೂ ಶಿಕ್ಷಕರ ತರಬೇತಿಗಳಿಗೆ ನನ್ನನ್ನು ಕರೆಯುತ್ತಾರೆ. ಈಗ ಗೋಡೆಯಗಲದ ಪರದೆ, ಬಣ್ಣಬಣ್ಣದ ವೀಡಿಯೊ, ಬೆರಳು ಮುಟ್ಟಿದರೆ ತಿರುಗುವ ವೃತ್ತ. ಎಲ್ಲ ಚೆನ್ನಾಗಿದೆ, ಬೇಕು ಕೂಡ. ಆದರೆ ಎಳೆಯ ಮೇಷ್ಟ್ರುಗಳು "ತೋರಿಸಿದ ತಕ್ಷಣ ಮಕ್ಕಳೆಲ್ಲ ಒಪ್ಪಿಕೊಂಡರು ಮೇಡಂ" ಎಂದು ಹಿಗ್ಗಿದಾಗ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಸುಳ್ಳಿರಬಹುದು ಎಂದವರು ಒಬ್ಬರೂ ಇಲ್ಲವೇ ಎಂದು ಕೇಳುತ್ತೇನೆ. ಇಲ್ಲ ಎನ್ನುತ್ತಾರೆ. ಹಾಗಾದರೆ ನಿಮ್ಮ ಪಾಠ ಇನ್ನೂ ಶುರುವಾಗಿಲ್ಲ ಕಣಪ್ಪ ಎನ್ನುತ್ತೇನೆ.