ಬಂಗುಡೆಯ ತಲೆ

ನನ್ನ ಬೆಕ್ಕಿಗೆ ಹಲ್ಲಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಕ್ಕನಿಗೂ ಮೊದಲು ಹೇಳಿದ್ದು ಇದನ್ನೇ.

ಒಸಡಿನ ಕಾಯಿಲೆ. ಬಾಯಿ ತೆರೆದರೆ ಕೆಂಪು, ಜೊಲ್ಲು, ಹತ್ತಿರ ಕುಳಿತುಕೊಳ್ಳಲಾಗದಷ್ಟು ನಾತ. ಮಣಿಪಾಲದ ಕ್ಲಿನಿಕ್ಕಿನ ಡಾಕ್ಟರು ಮಾತ್ರೆ ಕೊಟ್ಟು ನೋಡಿದರು, ಇಂಜೆಕ್ಷನ್ ಕೊಟ್ಟು ನೋಡಿದರು, ಕೊನೆಗೆ ಅಷ್ಟೂ ಹಲ್ಲು ಕಿತ್ತರು. ಪರ್ಕಳದಲ್ಲಿ ನಮ್ಮ ರಸ್ತೆಗೆಲ್ಲ ಇದೊಂದು ತಮಾಷೆಯಾಯಿತು. "ಟೀಚರೇ, ಬೆಕ್ಕಿಗೆ ಹಲ್ಲಿನ ಸೆಟ್ಟು ಯಾವಾಗ ಹಾಕಿಸುವುದು?" ಎಂದು ಅಂಗಡಿಯವರು ಕೇಳಿದರು. ನಗುವವರು ನಗಲಿ ಎಂದುಕೊಂಡೆ. ಹಲ್ಲು ಹೋದ ಮೇಲೆ ಅದು ಮತ್ತೆ ತಿನ್ನತೊಡಗಿತು, ಮೈ ತುಂಬಿಕೊಂಡಿತು. ಮೀನು ಬೇಯಿಸಿ, ಮುಳ್ಳು ಬಿಡಿಸಿ, ಅನ್ನದ ಜೊತೆ ಮಿಕ್ಸಿಗೆ ಹಾಕಿ ಕೊಟ್ಟರೆ ಬಟ್ಟಲು ನೆಕ್ಕಿ ಬೆಳ್ಳಗೆ ಮಾಡುತ್ತಿತ್ತು. ಅದಕ್ಕೆ ಹೆಸರಿಟ್ಟಿರಲಿಲ್ಲ. ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಎನ್ನುತ್ತೇವೆ, ನಾನು ಹಾಗೆಯೇ ಕರೆಯುತ್ತಿದ್ದೆ. ಒಬ್ಬಳೇ ಇರುವ ಮನೆಯಲ್ಲಿ ಕರೆದರೆ ಬರುವುದು ಅದೊಂದೇ ಆಗಿತ್ತು, ಹೆಸರು ಯಾಕೆ ಬೇಕು?

ಟೆರೇಸಿನಲ್ಲಿ ಬಟ್ಟೆ ಹಾಕಿ ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದು ಕಾಲು ಮುರಿದುಕೊಂಡೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಕಾರ್ಕಳದ ತಮ್ಮನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಅವನ ಮನೆಯಲ್ಲಿ ಮೆಟ್ಟಿಲಿಲ್ಲ, ಆದರೆ ಬೆಕ್ಕು ಕಂಡರೆ ಕೊಂದೇ ಬಿಡುವ ನಾಯಿ ಉಂಟು. ಹಾಗಾಗಿ ನಾನು ಕಾರ್ಕಳಕ್ಕೆ, ಬೆಕ್ಕು ನಾನು ಆಸ್ಪತ್ರೆಯಲ್ಲಿರುವಾಗಲೇ ಕಾಪುವಿನಲ್ಲಿರುವ ಅಕ್ಕನ ಮನೆಗೆ.

ಅಕ್ಕನ ಮೇಲೆ ನನಗಿದ್ದ ನಂಬಿಕೆ ಎಂಥದ್ದೆಂದು ಹೇಳಬೇಕು. ನಾನು ಚಿಕ್ಕವಳಿದ್ದಾಗ ಒಮ್ಮೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಮನೆಯೆಲ್ಲ ರಂಪವಾಗಿತ್ತು. ಅಂದಿನಿಂದ ನನ್ನ ಬಟ್ಟಲಿನ ಮೀನನ್ನು ಅಕ್ಕನೇ ಬಿಡಿಸುವುದೆಂದಾಯಿತು. ತನ್ನ ಊಟ ಬದಿಗಿಟ್ಟು, ಬೆರಳ ತುದಿಯಲ್ಲಿ ಒತ್ತಿ ಒತ್ತಿ ನೋಡಿ, ಮುಳ್ಳಿಲ್ಲದ್ದನ್ನು ಅನ್ನದ ಮೇಲೆ ಇಡುತ್ತಿದ್ದಳು. ನಾನು ಹೈಸ್ಕೂಲಿಗೆ ಹೋಗುವವರೆಗೂ ಹೀಗೇ ನಡೆಯಿತು. ಅವಳು ಇಟ್ಟ ತುತ್ತನ್ನು ನಾನು ಒಮ್ಮೆಯೂ ನೋಡಿ ತಿಂದವಳಲ್ಲ.

ಆಸ್ಪತ್ರೆಯ ಮಂಚದ ಮೇಲಿಂದಲೇ ಅವಳಿಗೆ ಪಾಠ ಮಾಡಿದ್ದೆ. ಹಲ್ಲಿಲ್ಲ, ನುಣ್ಣಗೆ ಅರೆಯಬೇಕು, ಮುಳ್ಳು ಒಂದೂ ಇರಬಾರದು.

"ನಿನಗೆ ಮುಳ್ಳು ತೆಗೆದು ಕೊಟ್ಟವಳಿಗೆ ಬೆಕ್ಕಿಗೆ ತೆಗೆಯಲಿಕ್ಕೆ ಆಗುವುದಿಲ್ವಾ? ನೀನು ನಿನ್ನ ಕಾಲು ನೋಡಿಕೋ ಮಾರಾಯ್ತಿ" ಎಂದಳು ಅಕ್ಕ. ಆ ಮಾತಿಗೆ ನಾನು ಕರಗಿಹೋದೆ.

ಕಾರ್ಕಳದಲ್ಲಿ ಕಾಲು ದಿಂಬಿನ ಮೇಲಿಟ್ಟುಕೊಂಡು ಮಲಗಿದವಳಿಗೆ ಸಂಜೆಯ ಫೋನೇ ಆಸರೆ. ಅಕ್ಕ ತಪ್ಪದೆ ಮಾಡುತ್ತಿದ್ದಳು. ಪುಚ್ಚೆ ತಿಂದಿತು, ಪುಚ್ಚೆ ಜಗಲಿಯಲ್ಲಿ ಬಿಸಿಲು ಕಾಯಿಸಿತು, ಪುಚ್ಚೆ ಭಾವನ ಕುರ್ಚಿ ಹತ್ತಿ ಕುಳಿತು ಅವರನ್ನೇ ಗುರಾಯಿಸಿತು. ನಾನು ನಕ್ಕು ನಕ್ಕು ಕೇಳುತ್ತಿದ್ದೆ. ಒಂದು ಸಂಜೆ ಬೇಸರ ತಡೆಯದೆ, "ಫೋನನ್ನು ಅದರ ಕಿವಿಗೆ ಹಿಡಿ ಅಕ್ಕ, ಒಂದು ಮಾತು ಹೇಳುತ್ತೇನೆ" ಎಂದೆ. ಸ್ವಲ್ಪ ಸದ್ದಾಯಿತು. "ಹಿಡಿದಿದ್ದೇನೆ, ಮಾತಾಡು" ಎಂದಳು. ನಾನು ಮಾತಾಡಿದೆ. ಒಂಟಿ ಹೆಂಗಸು ಬೆಕ್ಕಿನ ಜೊತೆ ಏನೇನು ಮಾತಾಡುತ್ತಾಳೋ ಅದನ್ನೆಲ್ಲ, ಮುದ್ದು, ಬೈಗುಳ, ಕಾಲುನೋವು, ಬೇಗ ಬಂದು ಕರೆದುಕೊಂಡು ಹೋಗುತ್ತೇನೆಂಬ ಭಾಷೆ. ಆಮೇಲೆ ಅದು ನಿತ್ಯದ ಪದ್ಧತಿಯಾಯಿತು.

ಒಂದು ದಿನ ಅಕ್ಕ ಹೇಳಿದಳು: "ಇವತ್ತು ಬಂಗುಡೆಯ ತಲೆ ಪೂರ್ತಿ ತಿಂದಿತು ಮಾರಾಯ್ತಿ. ಕಟುಂ ಕಟುಂ ಅಂತ."

ಹಲ್ಲಿಲ್ಲದ ಬೆಕ್ಕು ಬಂಗುಡೆ ಮೀನಿನ ತಲೆ ಕಟುಂ ಎನಿಸುವುದು ಹೇಗೆ? ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನನ್ನು ಖುಷಿಪಡಿಸಲು ಉಪ್ಪುಖಾರ ಹಚ್ಚಿ ಹೇಳುತ್ತಾಳೆ ಎಂದುಕೊಂಡು ಅವಳ ಮೇಲೆ ಮತ್ತಷ್ಟು ಪ್ರೀತಿಯೇ ಬಂತು.

ಕೋಲು ಹಿಡಿದು ನಡೆಯಬಹುದೆಂದು ಡಾಕ್ಟರು ಹೇಳಿದ ದಿನವೇ ತಮ್ಮನ ಕಾರಿನಲ್ಲಿ ಕಾಪುವಿಗೆ ಹೊರಟೆ. ಬೆಕ್ಕಿನ ಬುಟ್ಟಿ ತೊಡೆಯ ಮೇಲಿತ್ತು. ಅಕ್ಕನಿಗೆ ತಿಳಿಸಿರಲಿಲ್ಲ, ಸಂತೋಷದಲ್ಲಿ ಬೆಚ್ಚಿಬೀಳಲಿ ಎಂದು. ಅವಳು ಬಾವಿಕಟ್ಟೆಯ ಹತ್ತಿರ ಮೀನು ಕೊಯ್ಯುತ್ತಿದ್ದಳು. ಸುತ್ತ ಕಾಗೆಗಳಿದ್ದವು, ಬೆಕ್ಕು ಇರಲಿಲ್ಲ. ಮೀನು ಕೊಯ್ಯುವಲ್ಲಿ ಬೆಕ್ಕಿಲ್ಲ ಎಂದರೆ ಕೇಳುವುದೇನು ಉಳಿಯಿತು? ಆದರೂ ಕೇಳಿದೆ.

ಅಕ್ಕ ನನ್ನ ಬುಟ್ಟಿ ನೋಡಿದಳು, ಕೈ ತೊಳೆದುಕೊಂಡಳು. "ಅದನ್ನು ಬಿಟ್ಟಾಯಿತು. ಉಡುಪಿ ಮೀನು ಮಾರ್ಕೆಟಿನಲ್ಲಿ. ಭಾವ ಸ್ಕೂಟರಿನಲ್ಲಿ ತೆಗೆದುಕೊಂಡು ಹೋಗಿ ಬಿಟ್ಟು ಬಂದರು" ಎಂದಳು.

ನಮ್ಮ ಕಡೆ ಬೇಡವಾದ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ, ಅಷ್ಟು ಪಾಪಭೀರುಗಳು. ಗೋಣಿಯಲ್ಲಿ ಹಾಕಿ ಹೊಳೆ ದಾಟಿಸಿ ಬಿಡುತ್ತಾರೆ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ಸಿಗುವುದಿಲ್ಲವಂತೆ. ಅದೂ ಮೀನು ಮಾರ್ಕೆಟಿನ ಹತ್ತಿರವೇ ಬಿಡುತ್ತಾರೆ, ಮೀನಿರುವಲ್ಲಿ ಬೆಕ್ಕು ಉಪವಾಸ ಬೀಳುವುದಿಲ್ಲವಲ್ಲ. ನಮ್ಮ ಅಮ್ಮನೂ ಬಿಟ್ಟು ಬಂದು, ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿದವಳೇ. ಉಡುಪಿಯ ದಾರಿಯಲ್ಲಿ ಸಿಗುವ ಉದ್ಯಾವರದ ಹೊಳೆಯ ಸೇತುವೆ ದಾಟಿಸಿದರೆ ಭಾವನಿಗೂ ಅಕ್ಕನಿಗೂ ಲೆಕ್ಕ ಚುಕ್ತಾ.

"ಯಾವಾಗ?" ಎಂದೆ.

"ನೀನು ಆಸ್ಪತ್ರೆಯಲ್ಲಿ ಇರುವಾಗಲೇ. ಹೊಸ ಹಾಸಿಗೆಯಲ್ಲಿ ಮೂತ್ರ ಮಾಡಿತು. ಎಲ್ಲಿ ನೋಡಿದರೂ ಜೊಲ್ಲು. ಭಾವನಿಗೆ ಊಟ ಸೇರುತ್ತಿರಲಿಲ್ಲ. ನಾನು ಎಂತ ಮಾಡುವುದು?"

"ಮತ್ತೆ ಫೋನು ಯಾರ ಕಿವಿಗೆ ಹಿಡಿದದ್ದು?"

"ನನ್ನ ಕಿವಿಗೇ. ನೀನು ಕಾಲು ಮುರಿದು ಮಲಗಿದವಳು, ಹೇಳಿದರೆ ಅಳುತ್ತಿದ್ದೆ" ಎಂದಳು. ಮತ್ತೆ ಸೇರಿಸಿದಳು: "ನೀನು ಹೇಳುವುದು ಕೇಳಿ ನಗು ಬರ್ತಿತ್ತು. ಬಾಯಿಗೆ ಸೆರಗು ಹಿಡಿದುಕೊಳ್ತಿದ್ದೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ಮಕ್ಕಳಿಗೆ ವರ್ಷಗಟ್ಟಲೆ ವಿಸ್ತರಿಸಲು ಕೊಟ್ಟಿದ್ದೇನೆ. ಅದರ ಅರ್ಥ ನನಗಾದದ್ದು ಆ ಬಾವಿಕಟ್ಟೆಯ ಹತ್ತಿರ. ಬೆಕ್ಕನ್ನು ಬಿಟ್ಟದ್ದಕ್ಕೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಆ ಸಂಜೆಗಳನ್ನು ಮಾತ್ರ ಕ್ಷಮಿಸಲಾರೆ. ಯಾರಿಗೂ ಹೇಳದ ಮಾತುಗಳನ್ನು ಅವಳು ಕದ್ದು ಕೇಳಿದಳು, ಕೇಳಿ ನಕ್ಕಳು. ಊಟ ಮಾಡಿ ಹೋಗು ಎಂದಳು. ನಾನು ಕಾರು ಹತ್ತಿದೆ.

ಉಡುಪಿಗೆ ಮುಟ್ಟುವಾಗ ಮಾರ್ಕೆಟಿನಲ್ಲಿ ಗಿರಾಕಿಗಳು ಕಡಿಮೆಯಾಗಿದ್ದರು. ಹಲಗೆ ತೊಳೆಯುತ್ತಿದ್ದ ಹೆಂಗಸೊಬ್ಬರನ್ನು ವಿಚಾರಿಸಿದೆ. "ಜೊಲ್ಲು ಸುರಿಸುವ ಪುಚ್ಚೆಯಾ? ಆ ಐಸ್ ಪೆಟ್ಟಿಗೆಯ ಹಿಂದೆ ಇರ್ತದೆ ನೋಡಿ. ಹಾಕಿದ್ದು ತಿನ್ನುವುದಿಲ್ಲ, ಕರುಳು ಮಾತ್ರ ನೆಕ್ಕುತ್ತದೆ" ಎಂದರು. ಕೋಲು ಊರಿ ಬಗ್ಗಲಾರದೆ ನಿಂತಲ್ಲಿಂದಲೇ ಕರೆದೆ. ಎರಡು ಪೆಟ್ಟಿಗೆಗಳ ನಡುವಿನಿಂದ ಅದು ಹೊರಬಂತು. ಚರ್ಮ ಎಲುಬಿಗೆ ಅಂಟಿತ್ತು, ಒಂದು ಕೆನ್ನೆ ಊದಿತ್ತು. ನೇರ ನನ್ನ ಕಾಲಿನ ಬಳಿ ಬಂದು ಕೋಲಿಗೆ ತಲೆ ಉಜ್ಜಿತು. ಓಡಿಹೋಗಿದ್ದರೆ, ಮುಖ ತಿರುಗಿಸಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ. ತಮ್ಮ ಅದನ್ನೆತ್ತಿ ಬುಟ್ಟಿಯಲ್ಲಿಟ್ಟ.

ಮಣಿಪಾಲದ ಡಾಕ್ಟರು ಬಾಯಿ ಬಿಡಿಸಿ ನೋಡಿ ಒಸಡಿನಿಂದ ಮೀನಿನ ಮುಳ್ಳು ತೆಗೆದರು. ಸುತ್ತ ಕೀವು ತುಂಬಿತ್ತು, ನಂಜು ಮೈಗೆಲ್ಲ ಏರಿತ್ತು. ಡ್ರಿಪ್ ಹಾಕಿದರು. ಪರ್ಕಳದ ಮನೆಯಲ್ಲಿ ಮತ್ತೆ ಮಿಕ್ಸಿ ತಿರುಗಿತು, ಮುಳ್ಳು ಬಿಡಿಸಿದ ಮೀನು, ಅನ್ನ, ಬಿಸಿನೀರು. ಬೆರಳಿಗೆ ಹಚ್ಚಿ ಕೊಟ್ಟರೆ ನೆಕ್ಕಲು ಪ್ರಯತ್ನ ಮಾಡುತ್ತಿತ್ತು, ನನ್ನ ಮನಸ್ಸಿಗೆ ನೋವಾಗದಿರಲಿ ಎಂಬಂತೆ. ಕೆಲವು ದಿನ ಬದುಕಿತು. ಹಿತ್ತಲಿನ ಪೇರಳೆ ಗಿಡದ ಬುಡದಲ್ಲಿ ತಮ್ಮನೇ ಬಂದು ಹೂತ.

ಅಕ್ಕನ ಫೋನನ್ನು ನಾನು ತೆಗೆಯುತ್ತಿರಲಿಲ್ಲ. ತಮ್ಮನೂ ನನ್ನ ಮಾತಿಗೆ ಕಟ್ಟುಬಿದ್ದು ಪುಚ್ಚೆ ಸಿಕ್ಕಿತೆಂದಷ್ಟೇ ಅವಳಿಗೆ ಹೇಳಿದ್ದ, ಸತ್ತದ್ದನ್ನು ಹೇಳಿರಲಿಲ್ಲ. ಹೂತ ಮರುದಿನ ಸಂಜೆ, ಅವಳು ಯಾವಾಗಲೂ ಮಾಡುತ್ತಿದ್ದ ಹೊತ್ತಿಗೇ ಮತ್ತೆ ಬಂತು. ತೆಗೆದೆ.

"ಕೋಪ ಇಳಿಯಿತಾ? ಪುಚ್ಚೆ ಸಿಕ್ಕಿತಂತೆ. ಹೇಗುಂಟು?"

ಎದುರಿಗೆ ಮಿಕ್ಸಿಯ ಜಾರು ತೊಳೆದು ಕವುಚಿ ಹಾಕಿತ್ತು.

"ಆರಾಮ ಉಂಟು ಅಕ್ಕ. ಇವತ್ತು ಬಂಗುಡೆಯ ತಲೆ ಪೂರ್ತಿ ತಿಂದಿತು" ಎಂದೆ.

"ಕಂಡ್ಯಾ? ಮಾರ್ಕೆಟಿಗೆ ಹೋಗಿ ತಿನ್ನಲಿಕ್ಕೆ ಕಲಿಯಿತು. ನೀನು ಸುಮ್ಮನೆ ನನ್ನ ಮೇಲೆ ಕೋಪ ಮಾಡಿಕೊಂಡೆ." ಅವಳ ಸ್ವರ ಹಗುರಾಗಿತ್ತು. "ಫೋನು ಅದರ ಕಿವಿಗೆ ಹಿಡಿ ನೋಡುವ, ನಾನೂ ಒಂದು ಮಾತು ಹೇಳ್ತೇನೆ."

ಸ್ವಲ್ಪ ಹೊತ್ತು ಬಿಟ್ಟು, "ಹಿಡಿದಿದ್ದೇನೆ, ಮಾತಾಡು" ಎಂದೆ.

ಅಕ್ಕ ಮಾತಾಡಿದಳು. ಹಿಂದೆ ನನ್ನ ಬಟ್ಟಲಿನಲ್ಲಿ ಮುಳ್ಳು ಹುಡುಕುವಾಗ ಇರುತ್ತಿದ್ದ ಅದೇ ಮೆತ್ತಗಿನ ಸ್ವರ. ಕೋಪ ಮಾಡಬೇಡ ಪುಚ್ಚೆ ಎಂದಳು. ನಿನ್ನ ಅಮ್ಮನಿಗೂ ನನ್ನ ಮೇಲೆ ಕೋಪ ಮಾಡಬೇಡ ಅಂತ ಹೇಳು ಎಂದಳು. ದೀಪಾವಳಿಗೆ ಇಬ್ಬರೂ ಬನ್ನಿ, ನಾನೇ ಮುಳ್ಳು ತೆಗೆದು ಕೊಡುತ್ತೇನೆ ಎಂದಳು.

ಕೊನೆಯವರೆಗೂ ಕೇಳಿದೆ. ನನಗೆ ನಗು ಬರಲಿಲ್ಲ.